ಮಾತಿನಮಲ್ಲನ ಮನೆಗೊಂದು ಲೈನು

ಹೊಸ ಮನೆಗೆ ಬಂದ ದಿನ ಒಲೆ ಎಲ್ಲಿಡಬೇಕು ಅಂತ ಯಾರೂ ಜಗಳವಾಡಲಿಲ್ಲ. ಮಂಚ ಯಾವ ಗೋಡೆಗೆ, ಬೀರು ಯಾವ ಮೂಲೆಗೆ, ಅದಕ್ಕೂ ಇಲ್ಲ. ಜಗಳ ಶುರುವಾಗಿದ್ದು ಟಿವಿ ಮತ್ತು ಇಂಟರ್ನೆಟ್ಟಿನ ಲೈನು ಯಾರದು ಹಾಕಿಸುವುದು ಎಂಬ ವಿಷಯಕ್ಕೆ. ಡಬ್ಬಗಳನ್ನು ಇನ್ನೂ ಬಿಚ್ಚಿರಲಿಲ್ಲ. ಅತ್ತೆ ಒಂದು ಡಬ್ಬದ ಮೇಲೆ, ನಾನು ಇನ್ನೊಂದರ ಮೇಲೆ. ನಮ್ಮ ಯಜಮಾನರು ನಡುವೆ ನಿಂತು ಎರಡೂ ಕೈ ಆಡಿಸುತ್ತ ಮಾತಾಡುತ್ತಿದ್ದರು. ಆ ಮನುಷ್ಯ ಕೂತು ಮಾತಾಡಿದ್ದನ್ನು ಮದುವೆಯಾದಾಗಿನಿಂದ ನಾನು ನೋಡಿಯೇ ಇಲ್ಲ.

ಕೂತರೆ ಅವರ ಹೊಟ್ಟೆಪಾಡು ನಡೆಯುವುದಿಲ್ಲ ಬಿಡಿ. ಮನೆಮನೆ ಬಾಗಿಲು ತಟ್ಟಿ ಲೈನು ಮಾರುವುದೇ ಅವರ ಕೆಲಸ. ಟಿವಿ, ಇಂಟರ್ನೆಟ್ಟು ಎರಡೂ ಒಂದೇ ತಂತಿಯಲ್ಲಿ, ಒಂದೇ ಬಿಲ್ಲಿನಲ್ಲಿ. ಆಫೀಸಿನವರು ಅವರಿಗೆ ಇಟ್ಟ ಹೆಸರು ಮಾತಿನಮಲ್ಲ. ಬೋಳು ತಲೆಯವನಿಗೆ ಬಾಚಣಿಗೆ ಮಾರಿ, ಜೊತೆಗೆ ಒಂದು ಶೀಸೆ ಎಣ್ಣೆಯನ್ನೂ ಕೈಗಿಟ್ಟು ಬರುವ ಆಸಾಮಿ.

"ಮನೇಲೇ ಬಾವಿ ಇಟ್ಕೊಂಡು ಪಕ್ಕದ ಮನೆಗೆ ನೀರಿಗೆ ಹೋಗ್ತಾರೇನೇ?" ಅಂದರು. "ನಮ್ಮ ಕಂಪನಿ ಲೈನೇ ಹಾಕಿಸೋಣ."

"ಬಾವೀಲಿ ನೀರಿದ್ರೆ ಸರಿ," ಅಂದೆ ನಾನು.

"ಅವನ ಲೈನಲ್ಲಿ ನನ್ನ ಧಾರಾವಾಹಿ ಬರುತ್ತೆ," ಅಂದರು ಅತ್ತೆ. "ಆ ಇನ್ನೊಂದು ಕಂಪನಿಯೋರ ಪ್ಯಾಕಲ್ಲಿ ಆ ಚಾನೆಲ್ಲೇ ಇಲ್ವಂತೆ. ಆ ಹುಡುಗಿ ಮದುವೆ ಮಂಟಪದ ಹತ್ರ ಬಂದು ನಿಂತಿದ್ದಾಳೆ. ಈಗ ಅವರದ್ದು ಹಾಕಿಸಿದ್ರೆ ನನ್ನ ಗತಿ ಏನು?"

ಅವರಿಗೆ ಆ ಹುಡುಗಿಯ ಮದುವೆಯ ಚಿಂತೆ, ನನಗೆ ನನ್ನ ಸೋಮವಾರದ ಚಿಂತೆ.

ನನ್ನ ಕೆಲಸದ ಬಗ್ಗೆ ಹೇಳಲೇಬೇಕು. ಮೊದಲು ನಾನು ಕೋರ್ಟಿನಲ್ಲಿ ಬೆರಳಚ್ಚು ಮಾಡುತ್ತಿದ್ದೆ. ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ, ಕೆಮ್ಮು ಬಿಟ್ಟು ಉಳಿದದ್ದೆಲ್ಲ. ಕಿವಿಗೆ ಬಿದ್ದದ್ದು ತಲೆಗೆ ಹೋಗುವ ಮೊದಲೇ ಬೆರಳಿಗೆ ಬರುತ್ತಿತ್ತು. ಆ ಗುತ್ತಿಗೆ ಮುಗಿದ ಮೇಲೆ ವರ್ಷಗಟ್ಟಲೆ ಮನೆಯಲ್ಲೇ ಕೂತೆ. ಕೂತೂ ಕೂತೂ ನನಗೇ ನನ್ನ ಮೇಲೆ ಸಿಟ್ಟು ಬರತೊಡಗಿತ್ತು. ಆಗ ಈ ಹೊಸ ಕೆಲಸ ಕಣ್ಣಿಗೆ ಬಿತ್ತು. ಕಿವಿ ಕೇಳದ ಮಕ್ಕಳು ಕಾಲೇಜಿನಲ್ಲಿ ಎಲ್ಲರ ಜೊತೆ ಕೂತು ಪಾಠ ಕೇಳುತ್ತಾರಲ್ಲ, ಅವರ ಮುಂದೊಂದು ಪರದೆ ಇರುತ್ತದೆ. ಮೇಷ್ಟ್ರ ಮಾತು ಇಂಟರ್ನೆಟ್ಟಿನಲ್ಲಿ ನನ್ನ ಕಿವಿಗೆ ಬರುತ್ತದೆ. ನಾನು ಮನೆಯಲ್ಲಿ ಕೂತು ಟೈಪು ಮಾಡಿದ್ದು ಆ ಕ್ಷಣವೇ ಆ ಪರದೆಯ ಮೇಲೆ ಮೂಡುತ್ತದೆ. ನನ್ನ ಪಾಲಿಗೆ ಬಂದವಳು ವಿಜ್ಞಾನ ಓದುವ ಒಬ್ಬ ಹುಡುಗಿ. ಸೋಮವಾರ ಬೆಳಿಗ್ಗೆ ನನ್ನ ಪರೀಕ್ಷೆಯ ಪಾಠ. ಅಲ್ಲಿಯ ಮೇಲ್ವಿಚಾರಕಿ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದಳು: "ನಿಮ್ಮ ಬೆರಳು ಚೆನ್ನಾಗಿದೆ. ಆದರೆ ಮನೆಗೆ ಗಟ್ಟಿ ಲೈನು ಬೇಕು. ನಿಮ್ಮ ಲೈನು ನಿಂತರೆ ಆ ಮಗೂಗೆ ಇಡೀ ಕ್ಲಾಸು ನಿಂತ ಹಾಗೆ."

ಆ ಮಾತು ಕೇಳಿದಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಪಾತ್ರೆ ಡಬ್ಬ ಬಿಚ್ಚಲು ಹೋಗಿ ಬಟ್ಟೆ ಡಬ್ಬ ಬಿಚ್ಚುತ್ತಿದ್ದೆ. ಹೊಸ ಮನೆಯಲ್ಲಿ ಫೋನಿನ ಸಿಗ್ನಲ್ಲೂ ಇಲ್ಲ. ಹಿಂದೆ ಮುಂದೆ ಎತ್ತರದ ಕಟ್ಟಡಗಳು, ನಡುವೆ ನಮ್ಮ ಮನೆ ಬಾವಿಯೊಳಗಿನ ಕಪ್ಪೆಯ ಹಾಗೆ ಕೂತಿತ್ತು. ಫೋನು ಮಾಡಬೇಕಾದರೆ ಬೀದಿಗೆ ಬಂದು ಕೈ ಎತ್ತಿ ಹಿಡಿಯಬೇಕು.

ನಮ್ಮವರೂ ಯಾಕೋ ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೀದಿಯ ಮುಂಬಾಗಿಲು ಬಿಟ್ಟು ಹಿತ್ತಲ ಬಾಗಿಲಿಂದ ಓಡಾಡುತ್ತಿದ್ದರು. ಹೊರಗೆ ಹೊರಟರೆ ತಲೆಗೊಂದು ಟೋಪಿ.

"ಏನ್ರೀ ಅದು ಟೋಪಿ?"

"ಬಿಸಿಲು ಕಣೇ."

ಹೊತ್ತು ಮುಳುಗಿ ದೀಪ ಹಚ್ಚಿಯಾಗಿತ್ತು.

ಮಾರನೆಯ ಬೆಳಿಗ್ಗೆ ಎದುರು ಮನೆಗೆ ಹೋದೆ. ಅಲ್ಲೊಬ್ಬ ಟೈಲರಮ್ಮ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯನ್ನೂ ಬಟ್ಟೆಯನ್ನೂ ಒಟ್ಟಿಗೆ ನೋಡುವ ಹೆಂಗಸು. ಕಿಟಕಿಗೆ ಪರದೆ ಹೊಲಿಸುವ ನೆಪ ಮಾಡಿ, ನಿಮ್ಮ ಮನೆಗೆ ಯಾರ ಲೈನು ಅಂತ ಕೇಳಿದೆ.

"ಅಯ್ಯೋ, ಅದರ ಕಥೆ ಕೇಳ್ಬೇಡಿ ತಾಯಿ!" ಅಂತ ಅವರು ಯಂತ್ರ ನಿಲ್ಲಿಸಿದರು. ಕೇಳಬೇಡಿ ಅಂದವರು ಹೇಳದೆ ಬಿಡುತ್ತಾರೆಯೇ? "ಒಬ್ಬ ಬಂದಿದ್ದ. ಮಾತೋ ಮಾತು, ಜೇನು ಸುರಿದ ಹಾಗೆ. ಈ ಬೀದೀಲಿ ಒಂದು ಮನೆ ಬಿಟ್ಟಿಲ್ಲ, ಎಲ್ಲರಿಗೂ ಅದನ್ನೇ ಕಟ್ಟಿ ಹೋದ. ಒಂದು ದಿನ ಇರುತ್ತೆ, ಒಂದು ದಿನ ಇರಲ್ಲ. ಅದರಲ್ಲೂ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಕೂತಾಗ ಪ್ರಾಣ ಬಿಡುತ್ತೆ."

"ಮತ್ತೆ ಯಾಕೆ ತಗೊಂಡ್ರಿ?"

"ನಂಬಿದ್ವಲ್ಲ! 'ಅಕ್ಕಾ, ನಮ್ಮ ಮನೇಲೂ ಇದೇ ಲೈನು. ನನ್ನ ಹೆಂಡತಿ ಕಿವಿ ಕೇಳದ ಮಕ್ಕಳಿಗೆ ಇದರಲ್ಲೇ ಪಾಠ ಬರೆದು ಕೊಡ್ತಾಳೆ. ಒಂದು ಅಕ್ಷರ ತಪ್ಪಿದ್ರೆ ಮಕ್ಕಳ ಬದುಕು ಹಾಳಾಗುತ್ತೆ. ಕೆಟ್ಟ ಲೈನು ಅವಳಿಗೆ ಹಾಕಿಸ್ತೀನಾ?' ಅಂದ. ಅಂಥ ಹೆಂಡತಿ ಇರೋನು ಸುಳ್ಳು ಹೇಳ್ತಾನಾ ಅಂತ ಸಹಿ ಹಾಕಿದೆ."

ಬಂದವರು ನಮ್ಮವರೇ. ಅವರು ಇದನ್ನು ಮಾರುವಾಗ ನಾನು ಆ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದೆನಷ್ಟೆ. ಹಳೆಯ ಮನೆಯಲ್ಲಿ ಇದ್ದದ್ದು ಮನೆ ಮಾಲೀಕರ ಲೈನು, ಅದೂ ಬೇರೆ ಕಂಪನಿಯದು. "ನಿಮ್ಮ ಯಜಮಾನ್ರು ಏನು ಕೆಲಸ ಮಾಡೋದು?" ಅಂತ ಟೈಲರಮ್ಮ ಕೇಳಿದರು. "ಮಾರಾಟದ ಕೆಲಸ," ಅಂದು ಅಲ್ಲಿಂದ ಓಡಿ ಬಂದೆ.

ಮನೆಗೆ ಬಂದವಳೇ ಹಿಡಿದುಕೊಂಡೆ. "ನನ್ನನ್ನೂ ಮಾರಿದ್ರಾ?"

ಅವರಿಗೆ ಅರ್ಥವಾಗಲು ತಡವಾಗಲಿಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡರು. "ಮಾರೋದಲ್ಲ ಕಣೇ. ಹೆಮ್ಮೆಯಿಂದ ಹೇಳಿದ್ದು. ಹೇಗಿದ್ರೂ ಮುಂದೆ ಮಾಡೋಳೇ ತಾನೆ, ಸ್ವಲ್ಪ ಮುಂಚೆ ಹೇಳ್ಬಿಟ್ಟೆ."

"ನಾಚಿಕೆ, ಮಾನ, ಮರ್ಯಾದೆ?"

"ಮನೆ ಬಾಡಿಗೆ ಕಮ್ಮಿ ಅಂತ ಇಲ್ಲಿಗೆ ಬಂದ್ವಿ. ಇದೇ ಬೀದೀಲಿ ಮನೆ ಖಾಲಿ ಆಗುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಅದೆಲ್ಲ ಇರಲಿ. ಒಂದೇ ಮಾತು ಕೇಳ್ತೀನಿ, ನನ್ನ ಮುಖ ನೋಡಿ ಹೇಳಿ. ಸೋಮವಾರ ಬೆಳಿಗ್ಗೆ ನಿಮ್ಮ ಲೈನು ಈ ಬೀದೀಲಿ ಸರಿಯಾಗಿ ಬರುತ್ತೋ ಇಲ್ವೋ?"

"ಒಳ್ಳೆ ಪ್ರಶ್ನೆ ಕೇಳಿದೆ," ಅಂದರು.

ಗಿರಾಕಿ ಅನುಮಾನ ಪಟ್ಟರೆ ಮೊದಲು ಪ್ರಶ್ನೆಯನ್ನು ಹೊಗಳಬೇಕು, ಆಮೇಲೆ ಉತ್ತರ. ಇದು ಅವರ ಕಸುಬಿನ ಪಾಠ. ಹೊಸಬರಿಗೆ ಫೋನಿನಲ್ಲಿ ಅವರೇ ಹೇಳಿಕೊಡುವುದನ್ನು ನೂರು ಸಲ ಕೇಳಿದ್ದೇನೆ. ಕಟ್ಟಿಕೊಂಡ ಹೆಂಡತಿಗೂ ಅದನ್ನೇ ಬಡಿಸಿದರು.

"ಬರ್ತಿರಲಿಲ್ಲ, ನಿಜ," ಅಂತ ಮುಂದುವರಿಸಿದರು. "ಬೀದಿ ಕೊನೇ ಕಂಬದಲ್ಲಿರೋ ಪೆಟ್ಟಿಗೆ ಚಿಕ್ಕದು, ಮನೆಗಳು ಜಾಸ್ತಿ. ಈ ವಾರ ಹೊಸ ಪೆಟ್ಟಿಗೆ ಇಟ್ಟಿದ್ದಾರೆ. ಇನ್ಮೇಲೆ ಬಂಡೆ ಥರ ನಿಲ್ಲುತ್ತೆ. ಇನ್ನೂ ಒಂದು ಹೇಳ್ತೀನಿ ಕೇಳು. ಮುಂದಿನ ತಿಂಗಳು ನನ್ನನ್ನ ತಂಡದ ಮುಖ್ಯಸ್ಥ ಮಾಡ್ತಾರೆ. ನಮ್ಮ ಮನೆ ಗೋಡೆ ಮೇಲೆ ಬೇರೆಯವರ ಪೆಟ್ಟಿಗೆ ಕಂಡ್ರೆ ಮುಗೀತು, ಮ್ಯಾನೇಜರು ನನ್ನ ಮುಖ ನೋಡಲ್ಲ. ಆ ಇನ್ನೊಂದು ಕಂಪನಿಯೋರು ಶನಿವಾರ ಬಂದು ಹಾಕ್ತಾರೆ ಅಂತ ಕುಣೀಬೇಡ. ನನ್ನನ್ನ ನಂಬು."

ಆ ಇನ್ನೊಂದು ಕಂಪನಿಯ ಅಂಗಡಿ ಬೀದಿಯ ಮೂಲೆಯಲ್ಲೇ ಇತ್ತು. ಬಾಗಿಲವರೆಗೆ ಹೋಗಿ ನಿಂತು ಬಂದೆ. ಒಳಗೆ ಹೋಗಲಿಲ್ಲ. ಮತ್ತೆ ಹೋದೆ, ಮತ್ತೆ ತಿರುಗಿದೆ. ಮೂರನೇ ಸಲ ಒಳಗಿದ್ದ ಹುಡುಗಿ "ಏನು ಬೇಕಿತ್ತು ಮೇಡಂ?" ಅಂದಾಗ "ಟೈಮೆಷ್ಟು?" ಅಂತ ಕೇಳಿ ಬಂದುಬಿಟ್ಟೆ. ಗಂಡನ ಬಡ್ತಿ, ಅತ್ತೆಯ ಧಾರಾವಾಹಿ, ಇವೆಲ್ಲ ನೆಪ. ನಿಜ ಹೇಳಲೇ? ನಂಬಬೇಕು ಅಂತ ನನಗೇ ಆಸೆ ಇತ್ತು. ನಂಬದಿದ್ದರೆ ಅವರ ಬಾಯಿಂದ ಬಂದ ಒಂದೊಂದು ಮಾತನ್ನೂ ಇನ್ನುಮುಂದೆ ಜರಡಿ ಹಿಡಿದು ಕೇಳಬೇಕಾಗುತ್ತಿತ್ತು. ಅಂಥ ಸಂಸಾರ ಯಾರಿಗೆ ಬೇಕು?

ಅವರ ಕಂಪನಿಯ ಲೈನೇ ಬಂತು. ಭಾನುವಾರ ಪೂರ್ತಿ ಚೆನ್ನಾಗಿತ್ತು. ಅತ್ತೆ ಧಾರಾವಾಹಿಯ ಹಳೆಯ ಕಂತುಗಳನ್ನೆಲ್ಲ ಹಾಕಿಕೊಂಡು ಕೂತರು. ನಮ್ಮವರು ಎದೆಯುಬ್ಬಿಸಿ, "ನೋಡಿದ್ಯಾ?" ಅಂದರು. ನಾನು ರಾತ್ರಿ ಮಲಗುವವರೆಗೆ ಗೋಡೆಯ ಮೇಲಿನ ಪೆಟ್ಟಿಗೆಯ ಹಸಿರು ದೀಪವನ್ನೇ ನೋಡುತ್ತಿದ್ದೆ.

ಸೋಮವಾರ ಪಾಠ ಶುರುವಾಯಿತು. ಹೃದಯದ ಬಗ್ಗೆ ಪಾಠ. ಪಾಠ ಹೇಳುವ ಮೇಡಂ ದನಿ ಸ್ಪಷ್ಟ, ನಿಧಾನ. ನನ್ನ ಬೆರಳುಗಳು ಎಷ್ಟೋ ವರ್ಷದ ಮೇಲೆ ತವರಿಗೆ ಬಂದ ಹಾಗೆ ಓಡಿದವು. ಪರದೆಯ ಕೆಳಗೆ ಹುಡುಗಿ ಬರೆಯುವ ಪುಟ್ಟ ಜಾಗವಿತ್ತು. ಅಲ್ಲಿ ಅವಳು "ನಮಸ್ತೆ ಅಕ್ಕ" ಅಂತ ಬರೆದಳು.

ಹಸಿರು ದೀಪ ಕೆಂಪಾಗಿದ್ದನ್ನು ನಾನು ನೋಡಲಿಲ್ಲ. ಟೈಪು ಮಾಡಿದ್ದು ಪರದೆಗೆ ಹೋಗದೆ ನಿಂತಾಗ ಗೊತ್ತಾಯಿತು. ಮೇಡಂ ದನಿಯೂ ಅರ್ಧದಲ್ಲಿ ತುಂಡಾಯಿತು. ಆ ಹುಡುಗಿಯ ಕೊನೆಯ ಸಾಲು ಮಾತ್ರ ಹೇಗೋ ಬಂದು ತಲುಪಿತ್ತು: "ಅಕ್ಕ, ಇದ್ದೀರಾ?"

"ರೀ!" ಅಂತ ಕಿರುಚಿದೆ.

ನಮ್ಮವರು ಅಡುಗೆಮನೆಯಿಂದ ಓಡಿ ಬಂದರು. ದೀಪ ನೋಡಿದರು, ನನ್ನ ಮುಖ ನೋಡಿದರು. ಅವರ ಕೈಯಲ್ಲಿದ್ದ ಫೋನು ಕಿತ್ತುಕೊಂಡು, ಮತ್ತೆ ಅವರ ಕೈಗೇ ತುರುಕಿ, "ಬೀದಿಗೆ ನಡೀರಿ! ಎತ್ತಿ ಹಿಡೀರಿ!" ಅಂದೆ. ಲ್ಯಾಪ್‌ಟಾಪು ಎದೆಗವುಚಿಕೊಂಡು ಹೊರಗೆ ಓಡಿದೆ. ಅವರು ಟೋಪಿ ಸಿಕ್ಕಿಸಿಕೊಂಡು ಹಿಂದೆಯೇ ಬಂದರು. ಟೈಲರಮ್ಮನ ಜಗುಲಿಯ ಮುಂದೆ ಒಂದು ಸ್ಟೂಲಿತ್ತು. ಅದರ ಮೇಲೆ ಅವರನ್ನು ಹತ್ತಿಸಿದೆ. ಅವರು ಫೋನು ಹಿಡಿದು ಕೈಯನ್ನು ಆಕಾಶಕ್ಕೆ ಚಾಚಿದರು. ನಾನು ಜಗುಲಿಯ ಮೆಟ್ಟಿಲ ಮೇಲೆ ಕೂತೆ. ಫೋನಿನ ಇಂಟರ್ನೆಟ್ಟು ಸಿಕ್ಕಿತು. ಮೇಡಂ ದನಿ ಮತ್ತೆ ಕಿವಿಗೆ ಬಂತು. ಇಯರ್‌ಫೋನಿನ ಒಂದು ಕಡೆ ಓಡುವಾಗ ಕಿವಿಯಿಂದ ಜಾರಿತ್ತು, ಸರಿ ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಟೈಪು ಮಾಡತೊಡಗಿದೆ.

ಲೈನು ಹೋದರೆ ಆ ಬೀದಿಯ ಜನ ಬಾಗಿಲಿಗೆ ಬಂದು, ನಿಮಗೂ ಹೋಯ್ತಾ, ನಮಗೂ ಹೋಯ್ತು ಅಂತ ಒಬ್ಬರನ್ನೊಬ್ಬರು ಕೇಳುವುದು ವಾಡಿಕೆಯಂತೆ. ಎಲ್ಲರೂ ಬಂದರು. ಬೀದಿಯ ನಡುವೆ ಟೋಪಿ ಹಾಕಿಕೊಂಡು ಸ್ಟೂಲಿನ ಮೇಲೆ ಕೈ ಎತ್ತಿ ನಿಂತ ಗಂಡಸನ್ನು ನೋಡಿದರು. ಟೋಪಿ ಇದ್ದದ್ದರಿಂದ ಗುರುತು ಸಿಗದೆ ಇನ್ನೊಂದು ಗಳಿಗೆ ಹೇಗೋ ಕಳೆಯುತ್ತಿತ್ತೇನೋ. ಆಗ ನಮ್ಮ ಅತ್ತೆ ರಿಮೋಟು ಹಿಡಿದು ಹೊಸ್ತಿಲಿಗೆ ಬಂದರು.

"ಲೋ, ನಿನ್ನ ಕಂಪನಿಗಿಷ್ಟು ಬೆಂಕಿ ಹಾಕ! ತಾಳಿ ಕಟ್ಟೋ ಹೊತ್ತಿಗೆ ನಿಂತು ಹೋಯ್ತಲ್ಲೋ! ನೀನು ಮಾರಿದ ಲೈನು ನಿಮ್ಮಮ್ಮನಿಗಾದ್ರೂ ನೆಟ್ಟಗೆ ಬರಬಾರದೇನೋ!"

ಟೈಲರಮ್ಮ ಕಿಟಕಿಯಿಂದ ಕತ್ತು ಹೊರಗೆ ಹಾಕಿದರು. "ಅಯ್ಯಯ್ಯೋ! ಇವನೇ ಕಣ್ರೀ!"

ಮುಂದಿನದನ್ನು ನಾನು ಕಣ್ಣಿಂದ ನೋಡಲಿಲ್ಲ. ನನ್ನ ಕಣ್ಣು ಪರದೆಯ ಮೇಲಿತ್ತು. ಜನ ಸುತ್ತ ಸೇರಿದ್ದು ಗೊತ್ತಾಯಿತು. ಯಾರೋ ಬೈದರು, ಯಾರೋ ನಕ್ಕರು. ನಮ್ಮವರು ಸ್ಟೂಲಿನಿಂದ ಇಳಿಯುವ ಹಾಗಿಲ್ಲ. ಇಳಿದರೆ ನನ್ನ ಪಾಠ ನಿಲ್ಲುತ್ತದೆ. ಇಯರ್‌ಫೋನಿನಲ್ಲಿ ಮೇಡಂ, "ಈಗ ಚಿತ್ರ ಬರೆಯುತ್ತೇನೆ, ನೋಡಿ," ಅಂದು ಹಲಗೆಯ ಕಡೆ ತಿರುಗಿ ಸುಮ್ಮನಾದರು.

ಅವರು ಸುಮ್ಮನಾದರೂ ನನ್ನ ಬೆರಳು ಸುಮ್ಮನಾಗಲಿಲ್ಲ. ಕೋರ್ಟಿನ ಚಾಳಿ. ಕಿವಿಗೆ ಯಾವುದು ಬಿತ್ತೋ ಅದು ಕೀಲಿಗೆ ಬಂತು. ಸ್ವಲ್ಪ ಹೊತ್ತಿಗೆ ಪರದೆಯ ಕೆಳಗೆ ಹುಡುಗಿ ಬರೆದಳು: "ಅಕ್ಕ, ಇದು ಪರೀಕ್ಷೆಗೆ ಬರುತ್ತಾ?"

ಏನು ಬರುತ್ತಾ ಅಂತ ಮೇಲಕ್ಕೆ ನೋಡಿದೆ. ಪರದೆಯಲ್ಲಿ ಹೀಗಿತ್ತು:

ಬಲ ಹೃತ್ಕುಕ್ಷಿಯಿಂದ ರಕ್ತ ಶ್ವಾಸಕೋಶಕ್ಕೆ ಹೋಗುತ್ತದೆ. ಈಗ ಚಿತ್ರ ಬರೆಯುತ್ತೇನೆ, ನೋಡಿ. ನಾಚಿಕೆ ಆಗಲ್ವೇನ್ರೀ ನಿಮಗೆ. ಆಗುತ್ತೆ ಅಕ್ಕ. ಸುಳ್ಳು ಹೇಳಿದ್ದೆ. ಹೊಸ ಪೆಟ್ಟಿಗೆ ಯಾರೂ ಇಟ್ಟಿಲ್ಲ. ನಿಮಗೆ ಮಾರುವಾಗಲೂ ಗೊತ್ತಿತ್ತು. ಇವಳಿಗೆ ಹಾಕಿಸುವಾಗಲೂ ಗೊತ್ತಿತ್ತು. ಇವಳು ಕೇಳಿದಳು, ಮುಖ ನೋಡಿಕೊಂಡು ಸುಳ್ಳು ಹೇಳಿದೆ. ಮೆಲ್ಲಗೆ ಬೈಯಿರಿ, ಅವಳಿಗೆ ಪಾಠ ಕೇಳಿಸಬೇಕು. ಶ್ವಾಸಕೋಶದಿಂದ ಶುದ್ಧವಾದ ರಕ್ತ ಎಡಗಡೆಗೆ ಬರುತ್ತದೆ.

ಇಡೀ ಬೀದಿಯ ಮುಂದೆ ಆಡಿದ ಮಾತನ್ನು ನಾನೇ ಸಾಕ್ಷಿಯ ಹೇಳಿಕೆಯ ಹಾಗೆ ದಾಖಲು ಮಾಡಿ ಕಾಲೇಜಿಗೆ ಕಳಿಸಿದ್ದೆ. ಪಾಠದಲ್ಲಿಲ್ಲದ ಒಂದು ಪದವನ್ನೂ ಸೇರಿಸಬಾರದು, ಪಾಠದಲ್ಲಿದ್ದ ಒಂದು ಪದವನ್ನೂ ಬಿಡಬಾರದು ಎಂಬುದು ಆ ಕೆಲಸದ ಮೊದಲ ನಿಯಮ. ಮುಗಿಯಿತು ಅಂದುಕೊಂಡೆ. ಮುಗಿದರೂ ಪಾಠ ಅರ್ಧಕ್ಕೆ ಬಿಡಲಾಗದಲ್ಲ. ಜಾರಿದ ಇಯರ್‌ಫೋನನ್ನು ಕಿವಿಗೆ ತುರುಕಿಕೊಂಡು ಕೊನೆಯವರೆಗೆ ಟೈಪು ಮಾಡಿದೆ.

ಪಾಠ ಮುಗಿದ ಕೂಡಲೇ ಮೇಲ್ವಿಚಾರಕಿಯ ಸಂದೇಶ ಬಂತು. "ಮಧ್ಯೆ ಒಮ್ಮೆ ಲೈನು ನಿಂತಿತು. ಪಾಠದಲ್ಲಿಲ್ಲದ ಮಾತುಗಳೂ ಬಂದವು. ನನಗಂತೂ ಇದು ಪಾಸಲ್ಲ. ಓದುವವಳು ಆ ಹುಡುಗಿ, ಅವಳನ್ನು ಕೇಳುತ್ತೇನೆ."

ತಲೆ ಎತ್ತಿದೆ. ಸುತ್ತ ಜನ ಇನ್ನೂ ಇದ್ದರು. ಈಗ ಯಾರೂ ಬೈಯುತ್ತಿರಲಿಲ್ಲ. ಟೈಲರಮ್ಮ ನನ್ನ ಪಕ್ಕ ಬಂದು ಕೂತಿದ್ದರು. ಅತ್ತೆ ರಿಮೋಟು ಹಿಡಿದೇ ನಿಂತಿದ್ದರು.

"ಏನಂತೆ?" ಅಂದರು ನಮ್ಮವರು ಸ್ಟೂಲಿನ ಮೇಲಿಂದ. ಟೋಪಿ ಎಲ್ಲೋ ಬಿದ್ದು ಹೋಗಿತ್ತು. "ಹೋಯ್ತಾ ಕೆಲಸ?"

ನನಗೆ ಬಂದ ಸಿಟ್ಟಿಗೆ ಆ ಸ್ಟೂಲನ್ನೇ ಒದೆಯಬೇಕು ಅನ್ನಿಸಿತು. ಅಳುವೂ ಬಂತು. "ನನ್ನ ಹೊಟ್ಟೆ ಉರೀತಿದೆ ಕಣ್ರೀ," ಅಂದೆ. "ನಿಮಗೆ ಬೇರೆ ಯಾರೂ ಸಿಗಲಿಲ್ವಾ ಸುಳ್ಳು ಹೇಳೋಕೆ?"

"ಸಿಕ್ಕಿದ್ರು," ಅಂದರು ಅವರು, ಬೀದಿಯ ಕಡೆ ನೋಡುತ್ತ. "ಎಲ್ಲರಿಗೂ ಹೇಳಿ ಹೇಳಿ ಅಭ್ಯಾಸ ಆಗೋಯ್ತು. ಮಧ್ಯಾಹ್ನವೇ ಮೂಲೆ ಅಂಗಡಿಗೆ ಹೋಗಿ ಅವರ ಲೈನಿಗೆ ಬರೆದು ಕೊಡ್ತೀನಿ. ಗೋಡೆ ಮೇಲೆ ಅವರ ಪೆಟ್ಟಿಗೇನೇ ಇರಲಿ. ಮ್ಯಾನೇಜರು ಏನು ಬೇಕಾದ್ರೂ ಮಾಡ್ಕೊಳ್ಳಲಿ."

"ಮತ್ತೆ ನಾವು?" ಅಂದರು ಟೈಲರಮ್ಮ. "ನಾವು ಯಾರದು ಹಾಕಿಸ್ಕೊಳ್ಳೋದು, ಅದನ್ನಾದ್ರೂ ನಿಜ ಹೇಳಿ."

"ಗೊತ್ತಿಲ್ಲ ಅಕ್ಕ," ಅಂದರು ನಮ್ಮ ಮಾತಿನಮಲ್ಲ. "ಅವರದು ಈ ಬೀದೀಲಿ ಹೇಗಿದೆ ಅಂತ ನನಗೆ ನಿಜವಾಗ್ಲೂ ಗೊತ್ತಿಲ್ಲ. ಮೊದಲು ನಮ್ಮ ಮನೇಲಿ ನೋಡ್ತೀವಿ. ಆಮೇಲೆ ಇವಳನ್ನ ಕೇಳಿ, ನನ್ನನ್ನ ಕೇಳ್ಬೇಡಿ."

ಅಷ್ಟರಲ್ಲಿ ಪರದೆಯ ಕೆಳಗೆ ಸಾಲುಗಳು ಮೂಡತೊಡಗಿದವು. ಆ ಹುಡುಗಿ.

"ಈ ಅಕ್ಕ ಬೇಕಾ ಅಂತ ಮೇಲ್ವಿಚಾರಕಿ ಮೇಡಂ ಕೇಳಿದರು. ಬೇಕು ಅಂದೆ."

ಮತ್ತೆ ಬರೆದಳು.

"ಪಾಠ ಎಲ್ಲರೂ ಬರೆದು ಕೊಡ್ತಾರೆ ಅಕ್ಕ. ನನ್ನ ಸುತ್ತ ಜನ ಯಾವಾಗಲೂ ಏನೋ ಮಾತಾಡ್ತಾ ಇರ್ತಾರೆ, ನಗ್ತಾರೆ, ಜಗಳ ಆಡ್ತಾರೆ. ಏನು ಅಂತ ಕೇಳಿದ್ರೆ 'ಏನಿಲ್ಲ ಬಿಡು' ಅಂತಾರೆ. ನಮ್ಮ ಮನೇಲೂ ಅಷ್ಟೇ. ಬೇರೆಯೋರ ಜಗಳ ಇವತ್ತೇ ನನಗೆ ಮೊದಲನೇ ಸಲ ಕೇಳಿಸಿದ್ದು. ಆಮೇಲೇನಾಯ್ತು?"

ಅಕ್ಷರಗಳು ಕಣ್ಣೀರಲ್ಲಿ ಕಲಸಿಹೋದವು. "ಏನಂತೆ? ಹೇಳೇ!" ಅಂತ ನಮ್ಮವರು ಮೇಲಿಂದ ಕೇಳುತ್ತಲೇ ಇದ್ದರು. ಟೈಲರಮ್ಮ, ಅತ್ತೆ, ಬೀದಿಯ ಜನ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಇವರೆಲ್ಲ ಕಾಯಲಿ ಅಂದುಕೊಂಡೆ. ಇವರಿಗೆ ಕಿವಿ ಇದೆ.

ಕಣ್ಣೊರೆಸಿಕೊಂಡು ಟೈಪು ಮಾಡಿದೆ: "ಆಮೇಲೆ ಯಾವ ಲೈನು ಒಳ್ಳೇದು ಅಂತ ಎಲ್ಲರೂ ನಮ್ಮ ಮನೆಯವರನ್ನ ಕೇಳಿದರು. ಅವರು ಗೊತ್ತಿಲ್ಲ ಅಂದರು. ಅವರು ಗೊತ್ತಿಲ್ಲ ಅಂದಿದ್ದನ್ನ ನಾನೂ ಇವತ್ತೇ ಮೊದಲು ಕೇಳಿದ್ದು ಪುಟ್ಟಿ. ಈಗ ಕೈ ನೋಯ್ತಿದೆ ಅಂತಿದ್ದಾರೆ, ಆದರೂ ಇಳಿಸಿಲ್ಲ. ಇಳಿಸಿದರೆ ನಿನಗೆ ಈ ಮಾತು ತಲುಪಲ್ಲ."